ಎಡಕ್ಕೆ ತಿರುಗಿದ ಬಾಣ

ತನಗೊಂದು ವಿಚಿತ್ರ ಅನುಭವವಾಯಿತು ಎಂದು ಯಾರಾದರೂ ಶುರುಮಾಡಿದರೆ, ಮೊದಲು ಅವರ ಕನ್ನಡಕದ ನಂಬರು, ಆಮೇಲೆ ಹಿಂದಿನ ರಾತ್ರಿ ಉಂಡದ್ದೇನು ಎಂದು ವಿಚಾರಿಸುವವನು ನಾನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಅದು ನನ್ನ ಸ್ವಭಾವ, ಸ್ವಲ್ಪ ಮಟ್ಟಿಗೆ ಹೊಟ್ಟೆಪಾಡು ಕೂಡ. ಕುವೈತಿನ ರಾಯ್‌ನಲ್ಲಿರುವ ಒಂದು ವರ್ಕ್‌ಶಾಪಿನಲ್ಲಿ ಅಳತೆಯ ಯಂತ್ರಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ತಕ್ಕಡಿ, ಥರ್ಮಾಮೀಟರು, ಒತ್ತಡ ತೋರಿಸುವ ಗೇಜು, ಏನೇ ಬರಲಿ, ಅದು ನಿಜ ಹೇಳುತ್ತಿದೆಯೇ ಎಂದು ನೋಡಿ ಚೀಟಿ ಅಂಟಿಸಿ ಕಳಿಸುತ್ತೇನೆ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದವನಿಗೆ ದೆವ್ವ, ಶಕುನ, ಮನಸ್ಸಿಗೆ ಮೊದಲೇ ತೋಚಿತು ಎನ್ನುವ ಮಾತು, ಇವೆಲ್ಲ ಯಾರೂ ಸರಿಯಾಗಿ ಅಳೆಯದೆ ಬಿಟ್ಟ ವಿಷಯಗಳು ಅಷ್ಟೆ. ಈಗ ನಾನೇ ಹೇಳಿಕೊಳ್ಳುವವರ ಸಾಲಿಗೆ ಬಂದು ನಿಂತಿದ್ದೇನೆ. ನಗುವವರು ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಬಣ್ಣ ಹಚ್ಚುವುದಿಲ್ಲ.

ಮರಳುಗಾಡಿನಲ್ಲಿ ಕೂತವನಿಗೆ ಹಿಮದ ಹುಚ್ಚು ಹೇಗೆ ಹಿಡಿಯಿತು ಎಂದು ಊರಿಗೆ ಹೋದಾಗೆಲ್ಲ ಕೇಳುತ್ತಾರೆ. ಹಿಡಿಸಿದವನು ರೋಶನ್. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತ, ಇಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಜಾರ್ಜಿಯಾ ದೇಶಕ್ಕೆ ಇಲ್ಲಿಂದ ಕೆಲವೇ ಗಂಟೆಗಳ ವಿಮಾನದ ದಾರಿ. ಒಂದು ರಜೆಯಲ್ಲಿ ಹೋಗಿ, ಕಾಲಿಗೆ ಉದ್ದ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ಕಲಿತು ಬಂದವನು ಮರುವರ್ಷ ನಮ್ಮಿಬ್ಬರನ್ನೂ ಎಳೆದುಕೊಂಡು ಹೋದ. ನಮ್ಮಿಬ್ಬರು ಎಂದರೆ ನಾನು ಮತ್ತು ಸುಕೇಶ. ಸುಕೇಶ ಸಾಲ್ಮಿಯಾದ ಒಂದು ಹೋಟೆಲಿನ ಮ್ಯಾನೇಜರ್, ಉಡುಪಿ ಕಡೆಯವನು, ನನ್ನ ಹಾಗೆಯೇ ಮನೆಯಲ್ಲಿ ತುಳು. ಮೂವರೂ ಸೇರಿದರೆ ಕನ್ನಡ. ಸುಕೇಶನ ಹೆಂಡತಿ ಶೈಲಜಾ ನನ್ನನ್ನು ಮೊದಲ ದಿನದಿಂದಲೂ ಅಣ್ಣ ಎಂದೇ ಕರೆದವಳು.

ನಾವು ಹೋಗುತ್ತಿದ್ದದ್ದು ಯಂತ್ರದ ತೊಟ್ಟಿಲಲ್ಲಿ ಕೂತು ಮೇಲೆ ಹೋಗಿ ಜಾರಿ ಬರುವ ಮೋಜಿಗಲ್ಲ. ಸ್ಕೀಯ ಅಡಿಗೆ ಒರಟು ರೋಮದ ಪಟ್ಟಿ ಅಂಟಿಸಿಕೊಂಡರೆ ಅದು ಹಿಂದಕ್ಕೆ ಜಾರುವುದಿಲ್ಲ. ಹಾಗೆ ಯಾರೂ ತುಳಿಯದ ಬೆಟ್ಟವನ್ನು ಗಂಟೆಗಟ್ಟಲೆ ಹತ್ತಿ, ತುದಿಯಲ್ಲಿ ಪಟ್ಟಿ ಕಿತ್ತು, ಒಂದೇ ಉಸಿರಿಗೆ ಇಳಿಯಬೇಕು. 'ಮೂರು ಗಂಟೆ ನರಕ, ಹತ್ತು ನಿಮಿಷ ಸ್ವರ್ಗ' ಎಂದು ಸುಕೇಶ ಲೆಕ್ಕ ಹಾಕಿದ್ದ. ಅದಕ್ಕಾಗಿ ವರ್ಷವಿಡೀ ತಯಾರಿ. ಮೈದಾನ್ ಹವಲ್ಲಿಯಲ್ಲಿ ರೋಶನ್ ಇರುವ ಹನ್ನೊಂದು ಮಹಡಿಯ ಕಟ್ಟಡದ ಮೆಟ್ಟಿಲುಗಳನ್ನು, ಬೆನ್ನಿಗೆ ನೀರಿನ ಬಾಟಲಿ ತುಂಬಿದ ಚೀಲ ಹೊತ್ತು, ಹತ್ತಿ ಇಳಿಯುತ್ತಿದ್ದೆವು. ಅಲ್ಲಿನ ಈಜಿಪ್ಟಿನ ಕಾವಲುಗಾರ ಪ್ರತಿ ಸಲವೂ ನಮ್ಮನ್ನು ತಡೆದು ಲಿಫ್ಟ್ ಸರಿಯಾಗಿಯೇ ಇದೆ ಎಂದು ಪಾಪ, ತಿಳಿಹೇಳುತ್ತಿದ್ದ.

ಇನ್ನೊಂದು ತಯಾರಿ ಬೀಕನ್ನಿನದು. ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಈ ಯಂತ್ರವನ್ನು ಎಲ್ಲರೂ ಎದೆಗೆ ಕಟ್ಟಿಕೊಳ್ಳುತ್ತಾರೆ. ಅದು ಸದಾ ಸಂಕೇತ ಕಳಿಸುತ್ತಿರುತ್ತದೆ. ಹಿಮ ಕುಸಿದು ಒಬ್ಬ ಹೂತುಹೋದರೆ ಉಳಿದವರು ತಮ್ಮ ಯಂತ್ರವನ್ನು ಹುಡುಕುವ ಕಡೆಗೆ ತಿರುಗಿಸುತ್ತಾರೆ. ಆಗ ಪರದೆಯ ಮೇಲೆ ಒಂದು ಬಾಣ, ಒಂದು ಅಂಕಿ ಬರುತ್ತದೆ. ಬಾಣ ದಿಕ್ಕು ಹೇಳುತ್ತದೆ, ಅಂಕಿ ಎಷ್ಟು ಮೀಟರು ದೂರ ಎಂದು ಹೇಳುತ್ತದೆ. ನಾವು ಶುಕ್ರವಾರ ಬೆಳಿಗ್ಗೆ ಮುತ್ಲಾ ದಿಬ್ಬದ ಕಡೆ ಹೋಗಿ, ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ ಒಂದು ಬೀಕನ್ ಹಾಕಿ ಮರಳಲ್ಲಿ ಹೂತು ಹುಡುಕುವ ಅಭ್ಯಾಸ ಮಾಡುತ್ತಿದ್ದೆವು. ಈ ವಿಭಾಗಕ್ಕೆ ನಾನೇ ಯಜಮಾನ. ನನ್ನದೊಂದು ಕಟ್ಟುನಿಟ್ಟಿನ ನಿಯಮವಿತ್ತು: ಅಭ್ಯಾಸ ಮುಗಿದ ಕೂಡಲೇ ಸೆಲ್ ತೆಗೆದು, ರಬ್ಬರ್ ಬ್ಯಾಂಡ್ ಹಾಕಿ ಬೇರೆ ಇಡಬೇಕು. ಇಲ್ಲಿನ ಬಿಸಿಲಿಗೆ ಕಾರಿನಲ್ಲಿ ಬಿಟ್ಟ ಸೆಲ್ ಸೋರಿ ಯಂತ್ರವನ್ನೇ ತಿಂದುಹಾಕುತ್ತದೆ. ತಣ್ಣಗಿನ ದೇಶದವರು ಯಾರೂ ಹೀಗೆ ಮಾಡುವುದಿಲ್ಲ. ಅವರು ಸೆಲ್ ಹಾಕಿಯೇ ಇಟ್ಟಿರುತ್ತಾರೆ.

ಮೂರು ವರ್ಷದ ಹಿಂದಿನ ಫೆಬ್ರವರಿ. ನಾವು ಹಿಂದಿನ ಸಂಜೆಯಷ್ಟೇ ಜಾರ್ಜಿಯಾದ ಬೆಟ್ಟದ ಊರಿಗೆ ತಲುಪಿದ್ದೆವು. ಗಿಯಾ ಎಂಬ ಅಲ್ಲಿನ ಗೈಡ್ ಬೆಳಿಗ್ಗೆ ಬಂದು ನಿಂತಿದ್ದ. ಬಿಸಿಲೇರುವ ಮೊದಲು ಮೇಲಿನ ಇಳಿಜಾರು ದಾಟಬೇಕು, ತಡಮಾಡಬೇಡಿ ಎಂದು ಅವಸರಪಡಿಸುತ್ತಿದ್ದ. ಹೊರಡುವ ಮೊದಲು ಒಬ್ಬ ತನ್ನ ಬೀಕನ್ ಹಿಡಿದು ನಿಲ್ಲಬೇಕು, ಉಳಿದವರು ಒಬ್ಬೊಬ್ಬರಾಗಿ ಅಂತರ ಬಿಟ್ಟು ಅವನ ಮುಂದೆ ಹಾದುಹೋಗಬೇಕು, ಪ್ರತಿಯೊಬ್ಬರದೂ ಕೇಳಿಸುತ್ತದೆಯೇ ಎಂದು ಅವನು ನೋಡಬೇಕು. ಗಿಯಾ ತಾನೇ ನಿಲ್ಲುತ್ತೇನೆ ಎಂದ. ನಮ್ಮವರನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ನಾನು ಹಟಮಾಡಿದೆ.

ಗಿಯಾ ಹಾದುಹೋದ, ಕೇಳಿಸಿತು. ರೋಶನ್ ಮತ್ತು ಸುಕೇಶ ಯಾವುದೋ ಹಳೆಯ ಜಗಳ ಆಡುತ್ತಾ, ಹೆಗಲಿಗೆ ಹೆಗಲು ತಾಗಿಸಿಕೊಂಡು ಒಟ್ಟಿಗೇ ಬಂದರು. ಬೀಪ್ ಕೇಳಿಸಿತು. ಹಿಂದಕ್ಕೆ ಕಳಿಸಿ ಬೇರೆ ಬೇರೆಯಾಗಿ ಬನ್ನಿ ಎನ್ನಬೇಕಿತ್ತು. ಬೇರೆ ಯಾವ ದಿನವಾದರೂ ಹಾಗೆಯೇ ಹೇಳುತ್ತಿದ್ದೆ. ಅವತ್ತು ನನ್ನ ಬಾಯಿಂದ ಬಂದದ್ದು, "ಆಯ್ತಾಯ್ತು, ಯಲ್ಲಾ ಯಲ್ಲಾ, ಬೇಗ ನಡೀರಿ, ಗಿಯಾ ಕಾಯ್ತಾ ಇದ್ದಾನೆ." ಒಂದು ಬೀಪಿಗೆ ಇಬ್ಬರನ್ನು ಪಾಸು ಮಾಡಿದೆ. ಆಗಲೇ ಹದಿನಾರು ವರ್ಷ ಇನ್ನೊಬ್ಬರ ಯಂತ್ರಗಳಿಗೆ ಚೀಟಿ ಅಂಟಿಸಿದವನು ಮಾಡಿದ ಕೆಲಸ ಇದು.

ಹನ್ನೊಂದು ಗಂಟೆಗೆ ಆ ಇಳಿಜಾರಿಗೆ ಬಂದೆವು. ಅಡ್ಡಲಾಗಿ ಒಬ್ಬೊಬ್ಬರೇ ದಾಟಬೇಕು. ಗಿಯಾ ದಾಟಿ ಬಲಗಡೆಯ ಬಂಡೆಯ ಬಳಿ ನಿಂತ, ರೋಶನ್ ದಾಟಿದ. ಸುಕೇಶ ನಡುವೆ ಇದ್ದಾಗ ಮೇಲಿನಿಂದ ಒಂದು ಸದ್ದು ಬಂತು. ದೊಡ್ಡ ಸದ್ದೇನಲ್ಲ, ಹಾಸಿಗೆಯ ಮೇಲೆ ಯಾರೋ ಧಪ್ಪನೆ ಕೂತ ಹಾಗೆ. ಬಿಳಿಯ ನೆಲ ತುಂಡು ತುಂಡಾಗಿ ಒಡೆದು ಹೊರಟಿತು. ಸುಕೇಶನ ಕೆಂಪು ಜಾಕೆಟ್ಟು ಒಮ್ಮೆ ಕಂಡಿತು, ಮತ್ತೊಮ್ಮೆ ಕೆಳಗೆ ಕಂಡಿತು, ಆಮೇಲೆ ಕಾಣಲಿಲ್ಲ. ಎಲ್ಲ ನಿಂತ ಮೇಲೆ ಹರಡಿದ ಹಿಮದ ಗಡ್ಡೆಗಳ ನಡುವೆ, ಬಲಗಡೆ ತೀರಾ ಕೆಳಗೆ, ಅವನ ಕೈಕೋಲು ಒಂದು ಮಾತ್ರ ನೆಟ್ಟಗೆ ನಿಂತಿತ್ತು.

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗೆ ಆಗ ಪುರುಸೊತ್ತಿರಲಿಲ್ಲ. ಹಿಮದಡಿ ಸಿಕ್ಕವನಿಗೆ ಉಳಿಯುವ ಸಮಯ ಕೆಲವೇ ನಿಮಿಷ ಎಂದು ಮೂವರಿಗೂ ಬಾಯಿಪಾಠವಾಗಿತ್ತು. ಅವನನ್ನು ತೆಗೆದೇ ತೆಗೆಯುತ್ತೇನೆ, ಶೈಲಜಾಳ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುವುದಿಲ್ಲ ಎಂದು ಗಟ್ಟಿಯಾಗಿ, ತುಳುವಿನಲ್ಲಿ, ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಬೀಕನ್ ತಿರುಗಿಸಿದೆ. ರೋಶನ್ ಆ ಕಡೆಯಿಂದ ತಿರುಗಿಸಿದ. ಗಿಯಾ ಮೇಲಿನಿಂದಲೇ ತನ್ನದನ್ನು ಎತ್ತಿ ತೋರಿಸಿ ತಿರುಗಿಸಿ, ರೇಡಿಯೋದಲ್ಲಿ ಸಹಾಯ ಕೇಳಿದ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಯಾರಾದರೊಬ್ಬರು ತಿರುಗಿಸಲು ಮರೆತರೆ ಅವರ ಸಂಕೇತವೇ ಕೇಳಿಸಿ ದಾರಿ ತಪ್ಪುತ್ತದೆ. ಯಾರೂ ಮರೆಯಲಿಲ್ಲ.

ರೋಶನ್ ಕೋಲಿನ ಕಡೆಗೆ ಓಡಿದ. ಎಡಗಡೆಯಿಂದ ಇಳಿಯುತ್ತಿದ್ದ ನಾನೂ ಅತ್ತಲೇ ಹೊರಟಿದ್ದೆ. ಪರದೆ ಖಾಲಿಯಿತ್ತು. ಹತ್ತಿಪ್ಪತ್ತು ಹೆಜ್ಜೆ ಹೋದ ಮೇಲೆ ಒಂದು ಅಂಕಿ ಬಂತು: ಮೂವತ್ತೆಂಟು. ಬಾಣ ಎಡಕ್ಕೆ ತಿರುಗಿತು. ಕೋಲಿಗೆ ಬೆನ್ನು ಹಾಕಿ, ಅಡ್ಡಲಾಗಿ, ಸ್ವಲ್ಪ ಮೇಲಕ್ಕೆ.

"ಇಲ್ಲಿ ಬಾ ಮಾರಾಯ! ಕೋಲು ಇಲ್ಲುಂಟು!" ಎಂದು ರೋಶನ್ ಕೂಗಿದ.

"ಸಿಗ್ನಲ್ ಉಂಟಾ?"

"ಇಲ್ಲ! ಎಂತದೂ ಇಲ್ಲ! ಆದ್ರೂ ಬಾ!"

ನಾನು ಹೋಗಲಿಲ್ಲ. ಕಣ್ಣಿಗೆ ಕಾಣುವ ಕೋಲಿಗಿಂತ ಅಂಕಿಯ ಮೇಲೆ ನನಗೆ ನಂಬಿಕೆ ಹೆಚ್ಚು. ಅಂಕಿ ಮೂವತ್ತೊಂದಾಯಿತು, ಇಪ್ಪತ್ತಾರಾಯಿತು, ಹದಿನೇಳಾಯಿತು. ನೆಗೆಯಲಿಲ್ಲ, ತಡವರಿಸಲಿಲ್ಲ. ಮುತ್ಲಾದ ಮರಳಿನಲ್ಲಿ ಹೇಗೆ ಇಳಿಯುತ್ತಿತ್ತೋ ಹಾಗೆಯೇ ಇಳಿಯಿತು. ಒಂದು ಸಣ್ಣ ದಿಣ್ಣೆಯ ಹಿಂದೆ ಮೂರಕ್ಕೆ ಬಂತು. ಮೊಣಕಾಲೂರಿ ಯಂತ್ರವನ್ನು ಹಿಮಕ್ಕೆ ತಾಗಿಸಿ ಸರಿಸಿದೆ. ಅಷ್ಟರಲ್ಲಿ ಗಿಯಾ ಜಾರಿ ಬಂದು ನನ್ನ ಹೆಗಲ ಮೇಲಿಂದ ಪರದೆ ನೋಡಿ, ತನ್ನ ಇಂಗ್ಲಿಷಿನಲ್ಲಿ ಅಂಕಿಯನ್ನು ಗಟ್ಟಿಯಾಗಿ ಓದಿದ: "ಝೀರೋ ಪಾಯಿಂಟ್ ನೈನ್. ಡಿಗ್!" ಹಿಮದಡಿ ತಡಕುವ ಉದ್ದದ ಸರಳು ಚುಚ್ಚಿದೆ. ಮೂರನೇ ಸಲಕ್ಕೆ ತುದಿ ಮೆತ್ತಗೆ ನಿಂತಿತು.

ಅಗೆದೆವು. ರೋಶನ್ ಬೈಯುತ್ತಾ ಅಳುತ್ತಾ ಓಡಿ ಬಂದು ಸೇರಿಕೊಂಡ. ಕೆಂಪು ಬಟ್ಟೆ ಕಂಡಿತು, ಹೆಗಲು, ಆಮೇಲೆ ಮುಖ. ಮುಖ ನೀಲಿಯಾಗಿತ್ತು, ಉಸಿರಿರಲಿಲ್ಲ. ರೋಶನ್ ಬಾಯಲ್ಲಿದ್ದ ಹಿಮ ತೆಗೆದು ಉಸಿರು ಊದಿದ. ನಾಲ್ಕನೆಯದೋ ಐದನೆಯದೋ ಉಸಿರಿಗೆ ಸುಕೇಶ ಕೆಮ್ಮಿದ. ಆ ಕೆಮ್ಮಿಗಿಂತ ಒಳ್ಳೆಯ ಶಬ್ದವನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ.

ಆ ಬೆಟ್ಟದ ಊರಿನ ಆಸ್ಪತ್ರೆಯಲ್ಲಿ ಎರಡು ಪಕ್ಕೆಲುಬು ಮುರಿದಿವೆ, ಪ್ರಾಣಕ್ಕೇನೂ ತೊಂದರೆಯಿಲ್ಲ ಎಂದರು. ರೋಶನ್ ಅವನ ಹಾಸಿಗೆಯ ಪಕ್ಕ ಕೂತ. ನರ್ಸ್ ತಂದುಕೊಟ್ಟ ಅವನ ಬಟ್ಟೆಯ ಚೀಲ ಹಿಡಿದು ನಾನು ಹೊರಗಿನ ಬೆಂಚಿನಲ್ಲಿದ್ದೆ. ಅದರೊಳಗೆ, ಪಟ್ಟಿಯ ಸಮೇತ, ಅವನ ಬೀಕನ್. ಗಡಿಬಿಡಿಯಲ್ಲಿ ಯಾರೂ ಆರಿಸಿಲ್ಲ, ಸೆಲ್ ಖಾಲಿಯಾಗುತ್ತದಲ್ಲ ಎಂದು ಕೈಗೆತ್ತಿಕೊಂಡೆ. ಗುಂಡಿ ಆನ್ ಆಗಿಯೇ ಇತ್ತು. ದೀಪ ಮಾತ್ರ ಇರಲಿಲ್ಲ. ಒಡೆದಿರಬೇಕು ಎಂದುಕೊಂಡು ಹಿಂದಿನ ಮುಚ್ಚಳ ತಿರುಪಿದೆ. ಮುಚ್ಚಳ ಭದ್ರವಾಗಿತ್ತು, ಒಳಗೆ ಒಂದು ಹನಿ ನೀರು ಹೋಗಿರಲಿಲ್ಲ. ಮೂರು ಸ್ಪ್ರಿಂಗುಗಳಿದ್ದವು. ಸೆಲ್ ಇರಲಿಲ್ಲ.

ಮೊದಲು ಬಂದದ್ದು ಆಶ್ಚರ್ಯವಲ್ಲ, ನಾಚಿಕೆ. ನನ್ನ ನಿಯಮದ ಪ್ರಕಾರವೇ ಅವನು ಸೆಲ್ ತೆಗೆದಿಟ್ಟಿದ್ದ, ತರಲು ಮರೆತಿದ್ದ. ಆ ಮರೆವನ್ನು ಹಿಡಿಯಬೇಕಾಗಿದ್ದವನು ನಾನು, ಹಿಡಿಯಲಿಲ್ಲ. ಆಶ್ಚರ್ಯ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಮುಚ್ಚಳ ಹಾಕಿ ಬೀಕನ್ನನ್ನು ನನ್ನ ಚೀಲದ ತಳಕ್ಕೆ ತುರುಕಿದೆ. ಯಾರಿಗೂ ಹೇಳಲಿಲ್ಲ.

ಕುವೈತಿಗೆ ಬಂದ ಮೇಲೆ ರೋಶನ್ ತನ್ನ ಬೀಕನ್ ತಂದು ನನ್ನ ಮೇಜಿನ ಮೇಲಿಟ್ಟ. "ನನ್ನದ್ರಲ್ಲಿ ಸಿಗ್ನಲ್ಲೇ ಬರ್ಲಿಲ್ಲ ಮಾರಾಯ. ನಾನೊಬ್ನೇ ಇದ್ದಿದ್ರೆ ಅವ್ನು ಸತ್ತೇ ಹೋಗ್ತಿದ್ದ. ನೋಡು, ಹಾಳಾಗಿರ್ಬೇಕು." ವಾರವಿಡೀ ಪರೀಕ್ಷಿಸಿದೆ. ಕೂದಲೆಳೆಯಷ್ಟೂ ದೋಷವಿರಲಿಲ್ಲ. ಸಂಕೇತ ಇಲ್ಲದ ಕಡೆ ಇಲ್ಲ ಎಂದಿತ್ತು, ಅಷ್ಟೆ. ನಾನು ರೋಶನ್‌ಗೆ ಹೇಳಿದ್ದು, "ಸಣ್ಣದೊಂದು ಲೂಸ್ ಕಾಂಟ್ಯಾಕ್ಟ್ ಇತ್ತು, ಸರಿ ಮಾಡಿದ್ದೇನೆ." ನನ್ನ ಕಸುಬಿನಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ನನ್ನದನ್ನೂ ಬಿಡಲಿಲ್ಲ. ಬಿಡುವ ಜಾತಿ ನನ್ನದಲ್ಲ. ಇಲ್ಲದ್ದನ್ನು ತೋರಿಸುವ ಯಂತ್ರಕ್ಕೆ ನಾವು ಕೆಂಪು ಚೀಟಿ ಅಂಟಿಸುತ್ತೇವೆ. ಇದಕ್ಕೂ ಅಂಟಿಸಿಯೇ ಬಿಡುವುದು ಎಂದು ನಿರ್ಧರಿಸಿ ಕೂತೆ. ಕೆಲಸ ಮುಗಿದ ಮೇಲೆ ದಿನಾ ಒಂದು ಗಂಟೆ. ಮೊಬೈಲ್ ಹತ್ತಿರ ಇಟ್ಟು ನೋಡಿದೆ. ಅಂಕಿಗಳು ಕಪ್ಪೆಯ ಹಾಗೆ ನೆಗೆದವು, ಬಾಣ ಗಿರಗಿರ ತಿರುಗಿತು. ಬೆಟ್ಟದಲ್ಲಿ ಕಂಡದ್ದು ಅದಾಗಿರಲಿಲ್ಲ. ಬಿಸಿ ಮಾಡುವ ಕೈಗವಸು ಇಟ್ಟು, ರೇಡಿಯೋ ಇಟ್ಟು, ಯಂತ್ರವನ್ನು ಫ್ರೀಜರಿನಲ್ಲಿಟ್ಟು ತೆಗೆದು ನೋಡಿದೆ. ಸೆಲ್ಲಿಲ್ಲದ ಸುಕೇಶನ ಬೀಕನ್ನನ್ನು ಮರಳಲ್ಲಿ ಹೂತು, ಒಬ್ಬನೇ, ನಾಲ್ಕು ಶುಕ್ರವಾರ ಅದರ ಸುತ್ತ ನಡೆದೆ. ಪರದೆ ಖಾಲಿ.

ಅಂಕಿಗಳನ್ನು ನಾನೇ ಕಲ್ಪಿಸಿಕೊಂಡೆನೇ ಎಂದೂ ಅನುಮಾನಪಟ್ಟೆ. ಜಾಕೆಟ್ಟು ಎಡಕ್ಕೆ ಹೋದದ್ದನ್ನು ಕಣ್ಣು ಅರೆಗಳಿಗೆ ಕಂಡಿರಬಹುದು, ತಲೆ ಉಳಿದದ್ದನ್ನು ಕಟ್ಟಿರಬಹುದು. ಈ ವಿವರಣೆ ನನಗೆ ಬಹಳ ಹಿಡಿಸಿತ್ತು. ಗಿಯಾನಿಗೆ ಮೆಸೇಜು ಹಾಕಿ, ನನ್ನ ಪರದೆಯಲ್ಲಿ ನೀನು ನಿಜವಾಗಿ ಏನು ನೋಡಿದೆ ಎಂದು ಕೇಳಿದೆ. ತನ್ನ ಯಂತ್ರ ನೋಡಲು ಪುರುಸೊತ್ತಿರಲಿಲ್ಲ, ನನ್ನದರಲ್ಲಿ ತಾನು ನೋಡಿದ್ದು ಸೊನ್ನೆ ಬಿಂದು ಒಂಬತ್ತು, ಅದಕ್ಕೇ ಅಗೆಯಲು ಹೇಳಿದ್ದು, ಇದೇನು ಪ್ರಶ್ನೆ ಎಂದು ಬರೆದ. ಅಲ್ಲಿಗೆ ಆ ವಿವರಣೆಯೂ ಖಲಾಸ್.

ಇಷ್ಟರಲ್ಲಿ ನಮ್ಮ ಕರಾವಳಿಯವರ ಸಂಘದ ವಾರ್ಷಿಕೋತ್ಸವ ಬಂತು. ಮಿತ್ರನ ಪ್ರಾಣ ಉಳಿಸಿದವನಿಗೆ ಸನ್ಮಾನ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಂದು ಕಾರ್ಯದರ್ಶಿ ಫೋನು ಮಾಡಿದರು. ಬೇಡ ಎಂದರೆ ವಿನಯ ಎಂದುಕೊಂಡರು. ಆಹ್ವಾನಪತ್ರದಲ್ಲಿ ಹೆಸರೂ ಬಂದಾಗಿತ್ತು. ಇನ್ನು ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ ಅನ್ನಿಸಿತು. ಆ ಶುಕ್ರವಾರ ಮಧ್ಯಾಹ್ನ ಎಲ್ಲವನ್ನೂ ಹೇಳಿಬಿಡುವುದು, ಆಮೇಲೆ ಅವನು ಮುಖ ನೋಡದಿದ್ದರೂ ಸರಿ ಎಂದು ಗಟ್ಟಿ ಮನಸ್ಸು ಮಾಡಿ ಸಾಲ್ಮಿಯಾದ ಸುಕೇಶನ ಮನೆಗೆ ಹೋದೆ.

ಬಾಗಿಲು ತೆರೆದ ಶೈಲಜಾ ಒಳಗೆ ಕರೆದು ನೀರು ಕೊಟ್ಟಳು. ಗ್ಲಾಸು ಕೆಳಗಿಡುವ ಮೊದಲೇ ಕೇಳಿದಳು, "ಅಣ್ಣಾ, ರಬ್ಬರ್ ಬ್ಯಾಂಡ್ ಹಾಕಿದ ಮೂರು ಸೆಲ್ಲು ಅಡುಗೆಮನೆ ಡ್ರಾವರಲ್ಲಿ ಇತ್ತು. ನಿಮ್ಮ ಆ ಯಂತ್ರದ್ದಾ? ನಾನು ಎರಡನ್ನು ಟೀವಿ ರಿಮೋಟಿಗೆ ಹಾಕಿಬಿಟ್ಟೆ. ಒಂದು ಉಂಟು, ಬೇಕಾ?"

ಸುಕೇಶ ಸೋಫಾದಿಂದ ನನ್ನನ್ನೇ ನೋಡುತ್ತಿದ್ದ. ಆಮೇಲೆ ಪಕ್ಕೆ ಹಿಡಿದುಕೊಂಡು ಎದ್ದು, "ಬಾ, ಬಾಲ್ಕನಿಗೆ ಹೋಗುವ" ಎಂದ.

ಹೊರಗೆ, ಎರಡು ಕಟ್ಟಡಗಳ ನಡುವೆ ಕಾಣುವ ಒಂದು ತುಂಡು ಸಮುದ್ರದ ಕಡೆ ಮುಖ ಮಾಡಿ ನಿಂತೆವು. ನಾನು ಎಲ್ಲ ಹೇಳಿದೆ. ಒಂದು ಬೀಪಿಗೆ ಇಬ್ಬರನ್ನು ಬಿಟ್ಟದ್ದು, ಆಸ್ಪತ್ರೆಯ ಬೆಂಚಿನಲ್ಲಿ ಮುಚ್ಚಳ ತೆಗೆದದ್ದು, ರೋಶನ್‌ಗೆ ಹೇಳಿದ ಸುಳ್ಳು. "ನಿನ್ನನ್ನು ಕೊಲ್ಲುವ ತಪ್ಪು ಮಾಡಿದ್ದು ನಾನು" ಎಂದೆ. ಹೇಳುವಾಗ ಅತ್ತೆ. ಅದನ್ನು ಮುಚ್ಚಿಡುವುದಿಲ್ಲ.

ಅವನು ಸಮುದ್ರದ ಕಡೆಯೇ ನೋಡುತ್ತಾ ಹೇಳಿದ. "ನಂಗೆ ಗೊತ್ತಿತ್ತು. ಮೇಲೆ ಚಾ ಕುಡೀಲಿಕ್ಕೆ ನಿಂತಾಗ ಜಾಕೆಟ್ ತೆಗ್ದೆನಲ್ಲ, ಆಗ ನೋಡಿದೆ, ಲೈಟಿಲ್ಲ. ಹೇಳಿದ್ರೆ ನೀನು ಬೈತಿ, ಎಲ್ರೂ ವಾಪಸ್ ಇಳೀಬೇಕು. ಒಂದು ದಿನಕ್ಕೆ ಎಂತ ಆಗ್ತದೆ ಅಂತ ಸುಮ್ಮನಾದೆ."

"ಮತ್ತೆ ಹಿಮದೊಳಗೆ?"

"ಹಿಮದೊಳಗೆ ಕೈ ಅಲುಗ್ಲಿಲ್ಲ. ಅಂಥಾ ಹೊತ್ತಲ್ಲಿ ಮಕ್ಕಳ ಮುಖ ಕಾಣ್ತದೆ, ದೇವರು ನೆನಪಾಗ್ತದೆ ಅಂತಾರೆ. ನಂಗೆ ಎಂತದೂ ಇಲ್ಲ. ಆ ಸೆಲ್ಲು ಮಾತ್ರ ನೆನಪಾಯ್ತು. ಇವ್ರಿಗೆ ನಾನು ಸಿಗುದಿಲ್ಲ ಅಂತ ಗೊತ್ತಾಯ್ತು, ಅಷ್ಟೇ. ಮತ್ತೆ ಕಣ್ಣು ಬಿಟ್ಟಾಗ ನೀನಿದ್ದಿ."

ಇಬ್ಬರೂ ಒಂದೇ ಗುಟ್ಟನ್ನು, ಒಬ್ಬರಿಗೊಬ್ಬರು ಹೆದರಿ, ಮೂರು ತಿಂಗಳು ಹೊತ್ತುಕೊಂಡು ತಿರುಗಿದ್ದೆವು. ನಗು ಬರಬೇಕಿತ್ತು, ಬರಲಿಲ್ಲ. ಅವನು ಕಂಬಿಯ ಮೇಲೆ ಕೈಯಿಟ್ಟುಕೊಂಡೇ ಇನ್ನೊಂದು ಕೇಳಿದ.

"ಒಂದು ಹೇಳು. ನಿನ್ನದ್ರಲ್ಲಿ ಎಂತದೂ ತೋರಿಸದೆ ಇದ್ದಿದ್ರೆ ನೀನು ಎಲ್ಲಿ ಅಗೀತಿದ್ದಿ?"

ಇಷ್ಟು ಪರೀಕ್ಷೆ ಮಾಡಿದವನು ಈ ಒಂದು ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಅವನಿಗೆ ಇನ್ನು ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ.

"ಕೋಲಿನ ಹತ್ತಿರ" ಎಂದೆ.

ಕೋಲಿಗೂ ಅವನು ಸಿಕ್ಕಿದ ಜಾಗಕ್ಕೂ ಅರವತ್ತು ಹೆಜ್ಜೆ. ಅದು ಅವನಿಗೂ ಗೊತ್ತು, ರೋಶನ್ ನೂರು ಸಲ ಹೇಳಿದ್ದ. ಸುಕೇಶ ಹೂಂ ಎಂದು ತಲೆಯಾಡಿಸಿದ. ಒಳಗಿನಿಂದ ಶೈಲಜಾ ಊಟಕ್ಕೆ ಕರೆದಳು. ಹೋಗಿ ಉಂಡೆವು.

ರೋಶನ್‌ಗೆ ಮರುದಿನ ನಿಜ ಹೇಳಿದೆ. ಎರಡು ವಾರ ಮಾತಾಡಲಿಲ್ಲ, ಆಮೇಲೆ ಮಾತಾಡಿದ. ಅವನು ಇದಕ್ಕೆ ಒಂದು ಹೆಸರು ಕೊಡುತ್ತಾನೆ, ಶೈಲಜಾ ಬೇರೊಂದು ಹೆಸರು ಕೊಡುತ್ತಾಳೆ. ಅವರಿಬ್ಬರ ನಂಬಿಕೆಯೂ ನನಗೆ ಬರಲಿಲ್ಲ, ಬಂದ ಹಾಗೆ ನಟಿಸುವುದೂ ಇಲ್ಲ. ಶಾಲು ನಾನು ಹೊದೆಯಲಿಲ್ಲ. ನನ್ನ ಬೀಕನ್ ಇನ್ನೂ ವರ್ಕ್‌ಶಾಪಿನ ಕಪಾಟಿನಲ್ಲಿದೆ. ಎಲ್ಲ ಪರೀಕ್ಷೆಯಲ್ಲೂ ಪಾಸಾದದ್ದಕ್ಕೆ ಕೆಂಪು ಚೀಟಿ ಅಂಟಿಸುವಂತಿಲ್ಲ. ಹಸಿರು ಚೀಟಿ ಅಂಟಿಸಲು ಕೈ ಬರುವುದಿಲ್ಲ. ಓದುವವರಲ್ಲಿ ಈ ಯಂತ್ರ ತಿಳಿದವರಿದ್ದರೆ ನಾನು ಬಿಟ್ಟ ಪರೀಕ್ಷೆ ಯಾವುದು ಎಂದು ಹೇಳಲಿ, ನಾಳೆಯೇ ಮಾಡುತ್ತೇನೆ. ಸುಕೇಶನ ಹೋಟೆಲಿಗೆ ಹೋದಾಗೆಲ್ಲ ಅವನು ಬಿಲ್ ಕೌಂಟರಿನ ಹಿಂದೆ ನಿಂತು ಯಾರ ಮೇಲೋ ರೇಗುತ್ತಿರುತ್ತಾನೆ. ನಾನು ಒಂದು ಗಳಿಗೆ ಬಾಗಿಲಲ್ಲೇ ನಿಂತು ನೋಡುತ್ತೇನೆ. ನನ್ನ ಲೆಕ್ಕದ ಪ್ರಕಾರ ಅವನು ಅಲ್ಲಿರುವಂತಿಲ್ಲ. ಆದರೆ ಇದ್ದಾನೆ.